ಕೆಂಪು ಕೋಟೆಯ ಅರಮನೆ ಮತ್ತು ಉದ್ಯಾನ: ನೀರಿನ ಜಾಡಿನಲ್ಲಿ ಒಂದು ದಿನ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ, ಅವರನ್ನು ತಪ್ಪದೆ ಕರೆದೊಯ್ಯುವ ಸ್ಥಳಗಳಲ್ಲಿ ಕೆಂಪು ಕೋಟೆಯೂ ಒಂದು. ಆದರೆ ಅನೇಕ ಕುಟುಂಬಗಳು ಲಾಹೋರಿ ದ್ವಾರದ ಮುಂದೆ ಛಾಯಾಚಿತ್ರ ತೆಗೆಸಿಕೊಂಡು, ಛತ್ತಾ ಚೌಕದ ಅಂಗಡಿಗಳಲ್ಲಿ ಮಕ್ಕಳಿಗೆ ಬಳೆ, ಆಟಿಕೆ ಕೊಡಿಸಿ, ದಿವಾನ್-ಎ-ಆಮ್‌ವರೆಗೆ ನಡೆದು, ಬಿಸಿಲಿಗೆ ಬೇಸತ್ತು ಹಿಂದಿರುಗುತ್ತವೆ. ವಿಶಾಲವಾದ ಹುಲ್ಲುಹಾಸು, ಅಲ್ಲೊಂದು ಇಲ್ಲೊಂದು ಖಾಲಿ ಮಂಟಪ, ಇಷ್ಟೇ ಎಂಬ ಭಾವನೆ ಅವರಲ್ಲಿ ಉಳಿಯುತ್ತದೆ. ಅದು ಸಂಪೂರ್ಣ ತಪ್ಪಲ್ಲ. ಇಂದು ಕಣ್ಣಿಗೆ ಬೀಳುವುದು ಅರಮನೆಯ ಒಂದು ಅಂಶ ಮಾತ್ರ. ಈ ಅಂಶದಿಂದ ಪೂರ್ಣವನ್ನು ಊಹಿಸಿಕೊಳ್ಳಲು ಒಂದು ಸುಲಭ ಮಾರ್ಗವುಂಟು: ಅರಮನೆಯಲ್ಲಿ ಹಿಂದೆ ನೀರು ಹರಿದ ಜಾಡನ್ನು ಹಿಡಿದು ನಡೆಯುವುದು.

ಮೊಗಲ್ ಚಕ್ರವರ್ತಿ ಷಹಜಹಾನನು ರಾಜಧಾನಿಯನ್ನು ಆಗ್ರಾದಿಂದ ದೆಹಲಿಗೆ ವರ್ಗಾಯಿಸಲು ನಿರ್ಧರಿಸಿ, 1639ರಲ್ಲಿ ಈ ಕೋಟೆಯ ನಿರ್ಮಾಣವನ್ನು ಆರಂಭಿಸಿದನು. 1648ರಲ್ಲಿ ಅದು ಪೂರ್ಣಗೊಂಡಿತು. ಆ ಕಾಲದಲ್ಲಿ ಯಮುನಾ ನದಿಯು ಕೋಟೆಯ ಪೂರ್ವದ ಗೋಡೆಗೆ ಹೊಂದಿಕೊಂಡಂತೆ ಹರಿಯುತ್ತಿತ್ತು. ನದಿ ಇಷ್ಟು ಸಮೀಪದಲ್ಲಿದ್ದರೂ ಅರಮನೆಯ ನೆಲ ನೀರಿನ ಮಟ್ಟಕ್ಕಿಂತ ಬಹಳ ಎತ್ತರದಲ್ಲಿತ್ತು. ಆದ್ದರಿಂದ ಉತ್ತರದಲ್ಲಿ, ಬಹು ದೂರದಲ್ಲಿಯೇ ನದಿಯಿಂದ ಕವಲೊಡೆದ ಕಾಲುವೆಯ ಮೂಲಕ ನಗರಕ್ಕೆ ನೀರು ತರಲಾಯಿತು. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ತೋಡಿಸಿದ್ದ ಕಾಲುವೆಯನ್ನೇ ದುರಸ್ತಿಗೊಳಿಸಿ ವಿಸ್ತರಿಸಿದ ಈ ಕಾರ್ಯದೊಡನೆ ಅಲಿ ಮರ್ದಾನ್ ಖಾನನ ಹೆಸರು ಸೇರಿಕೊಂಡಿದೆ. ಇದರ ಒಂದು ಕವಲು ಚಾಂದನಿ ಚೌಕದ ನಡುವೆ ಹರಿಯುತ್ತಿತ್ತೆಂದರೆ ಇಂದಿನ ಜನಜಂಗುಳಿಯಲ್ಲಿ ನಂಬುವುದು ಕಷ್ಟ.

ಕೋಟೆಯೊಳಗಿನ ಹೆಸರುಗಳು ಕನ್ನಡಿಗರಿಗೆ ಅಪರಿಚಿತವೆನಿಸಬೇಕಾಗಿಲ್ಲ. ದಿವಾನ, ದರ್ಬಾರು, ಮಹಲು ಎಂಬ ಪದಗಳು ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ದಿವಾನ್-ಎ-ಖಾಸ್ ಎಂಬಲ್ಲಿನ ‘ಖಾಸ್’ ಕನ್ನಡದ ‘ಖಾಸಗಿ’ ಎಂಬ ಮಾತಿನಲ್ಲಿಯೂ ಇದೆ. ಐದು ಹೊತ್ತು ವಾದ್ಯ ಮೊಳಗುತ್ತಿದ್ದ ನೌಬತ್ ಖಾನೆಯನ್ನು ದಾಟಿ ದಿವಾನ್-ಎ-ಆಮ್ ತಲುಪಿದ ಮೇಲೆ, ಚಕ್ರವರ್ತಿಯ ಪೀಠದ ಹಿಂದಿನ ಗೋಡೆಯಲ್ಲಿ ಬಣ್ಣದ ಕಲ್ಲುಗಳನ್ನು ಕೂರಿಸಿ ಬಿಡಿಸಿದ ಹಕ್ಕಿ, ಹೂಗಳನ್ನು ಮಕ್ಕಳಿಗೆ ತೋರಿಸಬೇಕು. 1857ರ ನಂತರ ಇವುಗಳಲ್ಲಿ ಕೆಲವು ಫಲಕಗಳನ್ನು ಕಿತ್ತು ಲಂಡನ್ನಿಗೆ ಸಾಗಿಸಲಾಗಿತ್ತು. ಲಾರ್ಡ್ ಕರ್ಜನ್ನನ ಕಾಲದಲ್ಲಿ ಅವು ಮರಳಿ ಬಂದವು.

ಇಲ್ಲಿಂದ ಪೂರ್ವಕ್ಕೆ ನಡೆದರೆ ರಂಗ್ ಮಹಲ್ ಎದುರಾಗುತ್ತದೆ. ಅದರ ನೆಲದ ನಡುವೆ ಅಮೃತಶಿಲೆಯಲ್ಲಿ ಅರಳಿದ ಕಮಲದಂತಹ ಕೊಳವಿದೆ. ಇಲ್ಲಿ ಹಿರಿಯರು ಕಮಾನುಗಳನ್ನು ನೋಡುತ್ತಾರೆ, ಮಕ್ಕಳು ನೆಲವನ್ನು ನೋಡುತ್ತಾರೆ. ಈ ಮಟ್ಟಿಗೆ ಮಕ್ಕಳ ಕಣ್ಣೇ ಸರಿ. ನೆಲದಲ್ಲಿ ಸಾಗುವ ಅಗಲವಾದ ಕಾಲುವೆಯೇ ‘ನಹರ್-ಎ-ಬಿಹಿಷ್ಟ್’, ಅಂದರೆ ಸ್ವರ್ಗದ ತೊರೆ. ಅದರ ಪಕ್ಕದಲ್ಲಿ ಉತ್ತರಕ್ಕೆ, ಎಂದರೆ ನೀರು ಹರಿದ ದಿಕ್ಕಿಗೆ ಎದುರಾಗಿ ಸಾಗಿದರೆ ಖಾಸ್ ಮಹಲ್, ದಿವಾನ್-ಎ-ಖಾಸ್, ಹಮಾಮ್ ಒಂದರ ನಂತರ ಒಂದು ಬರುತ್ತವೆ. ಖಾಸ್ ಮಹಲ್‌ನಲ್ಲಿ ನ್ಯಾಯದ ತಕ್ಕಡಿಯನ್ನು ಕೆತ್ತಿದ ಜಾಲಂಧ್ರವಿದ್ದು, ತೊರೆಯು ಅದರ ಕೆಳಗೇ ನುಸುಳಿ ಹೋಗುತ್ತಿತ್ತು. ದೆಹಲಿಯ ಬೇಸಗೆಯಲ್ಲಿ ಈ ಕೋಣೆಗಳನ್ನು ತಂಪಾಗಿರಿಸುತ್ತಿದ್ದುದು ಈ ಹರಿಯುವ ನೀರೇ. ದಿವಾನ್-ಎ-ಖಾಸ್‌ನಲ್ಲಿದ್ದ ಮಯೂರ ಸಿಂಹಾಸನವನ್ನು 1739ರಲ್ಲಿ ನಾದಿರ್ ಷಾ ಕೊಂಡೊಯ್ದನು. 1858ರಲ್ಲಿ ಕೊನೆಯ ಚಕ್ರವರ್ತಿ ಬಹದ್ದೂರ್ ಷಾ ಜಫರ್‌ನ ವಿಚಾರಣೆ ನಡೆದುದೂ ಇದೇ ಸಭಾಂಗಣದಲ್ಲಿ.

ಹಮಾಮ್ ದಾಟಿದ ಮೇಲೆ ಹಯಾತ್ ಬಕ್ಷ್ ಬಾಗ್, ಅಂದರೆ ಪ್ರಾಣದಾಯಿ ಉದ್ಯಾನ. ಕುಟುಂಬವು ಬುತ್ತಿ ಬಿಚ್ಚುವುದಕ್ಕೆ ಮೊದಲೇ ಇಲ್ಲಿ ನಿಧಾನವಾಗಿ ಒಂದು ಸುತ್ತು ಬರುವುದು ಒಳಿತು. ಉದ್ಯಾನದ ಉತ್ತರ ಮತ್ತು ದಕ್ಷಿಣದ ತುದಿಗಳಲ್ಲಿ ಎದುರುಬದುರಾಗಿ ಎರಡು ಅಮೃತಶಿಲೆಯ ಮಂಟಪಗಳಿವೆ. ಅವುಗಳ ಹೆಸರು ಸಾವನ್ ಮತ್ತು ಭಾದೋಂ. ಶ್ರಾವಣ, ಭಾದ್ರಪದ ಮಾಸಗಳೇ ಇವು. (ಉತ್ತರದ ಪಂಚಾಂಗದಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ನೆರೆಮನೆಯ ಸಾವನ್ ಹದಿನೈದು ದಿನ ಮೊದಲೇ ಬರುತ್ತದೆಂಬುದು ದೆಹಲಿ ಕನ್ನಡಿಗರಿಗೆ ತಿಳಿದದ್ದೇ.) ಮಂಟಪದ ಅಂಚಿನಿಂದ ನೀರು ತೆರೆಯಂತೆ ಕೆಳಗೆ ಬೀಳುತ್ತಿತ್ತು. ಆ ತೆರೆಯ ಹಿಂದಿನ ಗೋಡೆಯಲ್ಲಿ ಸಾಲುಸಾಲಾಗಿ ಪುಟ್ಟ ಗೂಡುಗಳಿವೆ. ಹಗಲಿನಲ್ಲಿ ಅವುಗಳಲ್ಲಿ ಹೂದಾನಿಗಳನ್ನೂ ರಾತ್ರಿಯಲ್ಲಿ ದೀಪಗಳನ್ನೂ ಇಡುತ್ತಿದ್ದರು. ಹೀಗೆ ಮಳೆ ಬಾರದ ತಿಂಗಳುಗಳಲ್ಲಿಯೂ ಉದ್ಯಾನದಲ್ಲಿ ಮಳೆಗಾಲವೇ ಇರುತ್ತಿತ್ತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೋಟೆಯೊಳಗೆ ಕಾಣುವ ಹಸುರೆಲ್ಲವೂ ಮೊಗಲರ ಉದ್ಯಾನವಲ್ಲ. 1857ರ ಹೋರಾಟವನ್ನು ಅಡಗಿಸಿದ ನಂತರ ಬ್ರಿಟಿಷರು ಕೋಟೆಯೊಳಗಿನ ಕಟ್ಟಡಗಳ ಬಹುಭಾಗವನ್ನು ಕೆಡವಿ ಸೈನಿಕರಿಗಾಗಿ ಬ್ಯಾರಕ್‌ಗಳನ್ನು ಕಟ್ಟಿದರು. ಮಂಟಪಗಳ ನಡುವೆ ಇಂದು ಮಕ್ಕಳು ಓಡಾಡುವ ಹುಲ್ಲುಹಾಸುಗಳಲ್ಲಿ ಅನೇಕವು ಒಂದು ಕಾಲಕ್ಕೆ ಅಂಗಳ, ಮೊಗಸಾಲೆ, ವಾಸದ ಮನೆಗಳಿದ್ದ ಜಾಗ. ಪಶ್ಚಿಮಕ್ಕಿದ್ದ ಮಹತಾಬ್ ಬಾಗ್ ಎಂಬ ಬೆಳದಿಂಗಳ ಉದ್ಯಾನವಂತೂ ಅಳಿದೇಹೋಯಿತು. ಹಯಾತ್ ಬಕ್ಷ್ ಉದ್ಯಾನವೂ ಹಾಳುಬಿದ್ದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪುರಾತತ್ವ ಇಲಾಖೆಯು ಕಾಲುವೆಗಳ ಗುರುತು ಹಿಡಿದು ಅದನ್ನು ಮತ್ತೆ ರೂಪಿಸಿತು.

ಸ್ವಾತಂತ್ರ್ಯಾನಂತರವೂ ಕೋಟೆಯ ಹೆಚ್ಚಿನ ಭಾಗ ಸೇನೆಯ ವಶದಲ್ಲಿದ್ದು, 2003ರ ಡಿಸೆಂಬರ್‌ನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆಗೆ ಹಸ್ತಾಂತರವಾಯಿತು. 2007ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2019ರಲ್ಲಿ ಬ್ಯಾರಕ್‌ಗಳಲ್ಲಿ ವಸ್ತುಸಂಗ್ರಹಾಲಯಗಳು ತೆರೆದವು. ನೇತಾಜಿ ಮತ್ತು ಆಜಾದ್ ಹಿಂದ್ ಫೌಜ್ ಕುರಿತ ಸಂಗ್ರಹಾಲಯಕ್ಕೆ ಮಕ್ಕಳಿಗಾಗಿ ಒಂದು ಗಂಟೆ ಮೀಸಲಿಡಬಹುದು. ಆ ಫೌಜಿನ ಅಧಿಕಾರಿಗಳ ವಿಚಾರಣೆ 1945ರಲ್ಲಿ ಈ ಕೋಟೆಯಲ್ಲಿಯೇ ನಡೆಯಿತು.

ಸೋಮವಾರ ಕೋಟೆಗೆ ರಜೆ. ಆಗಸ್ಟ್ 15ಕ್ಕೆ ಮುನ್ನ ಕೆಲವು ದಿನ ಪ್ರವೇಶವಿರುವುದಿಲ್ಲವಾದ್ದರಿಂದ ವಿಚಾರಿಸಿಕೊಂಡು ಹೊರಡಬೇಕು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಲಾಲ್ ಕಿಲಾ ಮೆಟ್ರೋ ನಿಲ್ದಾಣದಿಂದ ಕೋಟೆ ಹತ್ತಿರವಾದರೂ ಒಳಗಿನ ನಡಿಗೆ ದೀರ್ಘವಾದುದು. ವೃದ್ಧರೊಡನೆ ಹೋಗುವವರಿಗೆ ಚಳಿಗಾಲದ ಮುಂಜಾನೆಯೇ ಲೇಸು. ಗೋಡೆಯ ಮೇಲೆ ಹೆಸರು ಕೆತ್ತುವುದು ಬರಿಯ ಅವಿವೇಕವಲ್ಲ, ಅಪರಾಧ: 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು.

ಹಿಂದಿರುಗುವ ಮುನ್ನ ಈಶಾನ್ಯ ಮೂಲೆಯ ಷಾ ಬುರ್ಜ್‌ವರೆಗೆ ಹೋಗಿಬರಬೇಕು. ಸ್ವರ್ಗದ ತೊರೆ ಅರಮನೆಯನ್ನು ಪ್ರವೇಶಿಸುತ್ತಿದ್ದುದು ಇಲ್ಲಿಂದಲೇ. ಅದು ಇಳಿಯುತ್ತಿದ್ದ ಅಮೃತಶಿಲೆಯ ಇಳಿಜಾರು ಇನ್ನೂ ಉಳಿದಿದೆ. ಅಲ್ಲಿಂದ ತಿರುಗಿದರೆ ಉದ್ಯಾನದ ಕೊಳದ ನಡುವೆ, 1842ರ ಸುಮಾರಿಗೆ ಬಹದ್ದೂರ್ ಷಾ ಕಟ್ಟಿಸಿದ ಕೆಂಪು ಕಲ್ಲಿನ ಜಫರ್ ಮಹಲ್ ಒಂಟಿಯಾಗಿ ನಿಂತಿರುವುದು ಕಾಣುತ್ತದೆ. ಅದಕ್ಕೆ ಹಿಂದೆ ಸೇತುವೆಯಿತ್ತು, ಈಗಿಲ್ಲ.