ಬೇರಿನಲ್ಲಿ ಬಾಡಿಗೆದಾರ, ಹೇನಿನಲ್ಲಿ ಮನೆಯಳಿಯ

ಧನುರ್ಮಾಸದ ಚಳಿ ಬಿತ್ತೆಂದರೆ ಹಳೇ ಮೈಸೂರು ಸೀಮೆಯ ಅಡಿಗೆಮನೆಗಳಲ್ಲಿ ಅವರೆಕಾಯಿಯದೇ ದರಬಾರು. ಹಿತಕಿದ ಬೇಳೆಯ ಸಾರು, ಅವರೆಕಾಳಿನ ಉಪ್ಪಿಟ್ಟು, ಜೊತೆಗೆ ಮನೆಯೆಲ್ಲ ತುಂಬುವ ಆ ಸೊಗಡು! ಮನೆಮಂದಿಯೆಲ್ಲ ಸುತ್ತ ಕುಳಿತು ಕಾಯಿ ಸುಲಿಯುವಾಗ ಅದನ್ನು ಕೊಟ್ಟ ಗಿಡದ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಹೋಗಬೇಕು. ಏಕೆಂದರೆ ಆ ಒಂದೇ ಗಿಡವನ್ನು ನೆಚ್ಚಿಕೊಂಡು ಎರಡು ಬಗೆಯ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿರುತ್ತವೆ. ಒಂದು, ಗಿಡಕ್ಕೆ ಅನ್ನ ಕೊಡುತ್ತದೆ. ಇನ್ನೊಂದು, ಗಿಡದ ಶತ್ರುವಿಗೆ ಅನ್ನ ಕೊಡುತ್ತದೆ!

ಬೇರೆ ಬೇರೆ ಜಾತಿಯ ಜೀವಿಗಳು ಹೀಗೆ ಕೂಡಿ ಬದುಕುವುದಕ್ಕೆ ಸಹಜೀವನ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇದು ಸಿಂಬಯೋಸಿಸ್. ಈ ಮಾತನ್ನು 1879ರಲ್ಲಿ ಬಳಕೆಗೆ ತಂದವರು ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬ್ಯಾರಿ. ಸಹಜೀವನವೆಂದರೆ ಪರಸ್ಪರ ಉಪಕಾರ ಎಂದು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಆದರೆ ಡಿ ಬ್ಯಾರಿ ಹೇಳಿದ್ದು ‘ಕೂಡಿ ಬದುಕುವುದು’ ಎಂದಷ್ಟೆ. ಉಪಕಾರದ ಷರತ್ತನ್ನು ಅವರು ಹಾಕಿರಲಿಲ್ಲ. ಅವರ ಎಚ್ಚರಿಕೆ ಎಷ್ಟು ಸರಿಯಾಗಿತ್ತೆಂಬುದನ್ನು ನಮ್ಮ ಅವರೆ ಗಿಡವೇ ಹೇಳುತ್ತದೆ.

ಬೇರಿನ ಗಂಟಿನೊಳಗೆ

ಅವರೆ, ಅಲಸಂದೆ, ಕಡಲೆಕಾಯಿ ಇವುಗಳಲ್ಲಿ ಯಾವುದಾದರೊಂದು ಗಿಡವನ್ನು ಮಣ್ಣುಸಮೇತ ಮೆಲ್ಲಗೆ ಕಿತ್ತು ಬೇರನ್ನು ನೀರಿನಲ್ಲಿ ತೊಳೆದು ನೋಡಿ. ಸಾಸಿವೆ ಗಾತ್ರದ, ಕೆಲವೊಮ್ಮೆ ಅದಕ್ಕೂ ದಪ್ಪನಾದ ಗಂಟುಗಳು ಕಾಣುತ್ತವೆ. ಅದು ರೋಗವಲ್ಲ. ಒಂದನ್ನು ಬ್ಲೇಡಿನಿಂದ ಕತ್ತರಿಸಿದರೆ ಒಳಗೆ ನಸುಗೆಂಪು ಬಣ್ಣ. ನಮ್ಮ ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ನಿನ ಹತ್ತಿರದ ಬಂಧುವೊಂದು ಆ ಗಂಟಿನಲ್ಲಿದೆ!

ಗಂಟಿನೊಳಗೆ ವಾಸಿಸುವುದು ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ. ಗಾಳಿಯಲ್ಲಿ ಶೇಕಡ 78 ಭಾಗ ಸಾರಜನಕವಿದ್ದರೂ ಗಿಡಕ್ಕೆ ಅದನ್ನು ನೇರವಾಗಿ ಉಣ್ಣಲು ಬಾರದು. ಸಮುದ್ರದ ನಡುವೆ ಇದ್ದೂ ಕುಡಿಯುವ ನೀರಿಗೆ ಪರದಾಡಿದಂತೆ ಅದರ ಪಾಡು. ಗೊಬ್ಬರದ ಕಾರ್ಖಾನೆಯಲ್ಲಿ ಈ ಸಾರಜನಕವನ್ನು ಅಮೋನಿಯ ಮಾಡಲು 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ವಾಯುಮಂಡಲದ ನೂರಾರು ಪಟ್ಟು ಒತ್ತಡ ಬೇಕು. ಅದೇ ಕೆಲಸವನ್ನು ರೈಜೋಬಿಯಂ ಹೊಲದ ತಂಪು ಮಣ್ಣಿನಲ್ಲಿ ಸದ್ದಿಲ್ಲದೆ ಮಾಡುತ್ತದೆ. ದ್ವಿದಳ ಸಸ್ಯಗಳ ಗಂಟಿನ ಈ ಗುಟ್ಟನ್ನು 1880ರ ದಶಕದಲ್ಲಿ ಬಿಡಿಸಿದವರು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್ಫಾರ್ತ್. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿ ಬೆಳೆಸಿದರು.

ಈ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕವೆಂದರೆ ವಿಷ. ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕವೇ ಬೇಕು. ಈ ಇಕ್ಕಟ್ಟಿಗೆ ಪರಿಹಾರವಾಗಿಯೇ ಆ ಕೆಂಪು ವಸ್ತುವಿದೆ. ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟನ್ನೇ ಅಳೆದು ಬಡಿಸುತ್ತದೆ.

ಲೆಕ್ಕ ಕೇಳುವ ಗಿಡ

ಇಷ್ಟೆಲ್ಲ ಬಿಟ್ಟಿ ಚಾಕರಿ ಎಂದು ತಿಳಿಯಬೇಡಿ. ಗಿಡ ತಾನು ಬಿಸಿಲಲ್ಲಿ ತಯಾರಿಸಿದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿಗೆ ಇಳಿಸಿ ಬಾಡಿಗೆದಾರನನ್ನು ಸಾಕುತ್ತದೆ. ಸಕ್ಕರೆ ತಿಂದು ಕೆಲಸ ಮಾಡದೆ ಕೂತರೆ? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಟೋಬಿ ಕಿಯರ್ಸ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಸೋಯಾ ಅವರೆಯ ಕೆಲವು ಗಂಟುಗಳಿಗೆ ಸಾರಜನಕವಿಲ್ಲದ, ಆರ್ಗಾನ್ ಅನಿಲ ಬೆರೆಸಿದ ಗಾಳಿ ಕೊಟ್ಟರು. ಬ್ಯಾಕ್ಟೀರಿಯಾ ಬಯಸಿದರೂ ಅಮೋನಿಯ ಮಾಡಲಾಗದಂಥ ಸ್ಥಿತಿ. ಆಗ ಗಿಡ ಏನು ಮಾಡಿತು ಗೊತ್ತೆ? ಆ ಗಂಟುಗಳಿಗೆ ಆಮ್ಲಜನಕದ ಸರಬರಾಜನ್ನೇ ತಗ್ಗಿಸಿತು. ಅಲ್ಲಿನ ಬ್ಯಾಕ್ಟೀರಿಯಾಗಳ ಸಂತಾನ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು!

ಮಣ್ಣಿನಲ್ಲೇ ಸಾರಜನಕ ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಬಾಡಿಗೆದಾರನೂ ಅಷ್ಟೆ, ಗಿಡ ಸತ್ತು ಗಂಟು ಕೊಳೆತಾಗ ಮಣ್ಣಿಗೆ ಮರಳಿ ಸ್ವತಂತ್ರವಾಗಿ ಬದುಕಬಲ್ಲ. ಇಬ್ಬರಿಗೂ ಬಾಗಿಲು ತೆರೆದೇ ಇದೆ.

ಹೇನಿನ ಹೊಟ್ಟೆಯ ಗುಟ್ಟು

ಈಗ ಬೇರಿನಿಂದ ಚಿಗುರಿಗೆ ಬನ್ನಿ. ಅವರೆಯ ಹೂಗೊಂಚಲಿಗೆ ಕಪ್ಪಗೆ ಮುತ್ತಿಕೊಂಡಿರುವ ಸಸ್ಯಹೇನುಗಳನ್ನು ನೋಡದ ರೈತರಿಲ್ಲ. ಸೂಜಿಯಂಥ ಬಾಯಿಯನ್ನು ಗಿಡದ ಆಹಾರನಾಳಕ್ಕೆ ಚುಚ್ಚಿ ರಸ ಹೀರುವುದೇ ಇವುಗಳ ಕಸುಬು. ಆ ರಸದಲ್ಲಿ ಸಕ್ಕರೆ ಬೇಕಾದಷ್ಟು, ಆದರೆ ಮೈ ಬೆಳೆಯಲು ಬೇಕಾದ ಅತ್ಯಗತ್ಯ ಅಮೈನೋ ಆಮ್ಲಗಳು ತೀರ ಕಡಿಮೆ. ಬರೀ ಪಾನಕ ಕುಡಿದು ಯಾರಾದರೂ ಮಕ್ಕಳುಮರಿ ಹೆತ್ತು ದೊಡ್ಡ ಸಂಸಾರ ನಡೆಸಲು ಸಾಧ್ಯವೆ?

ಹೇನಿಗೆ ಸಾಧ್ಯವಾಗಿದೆ. ಅದರ ಹೊಟ್ಟೆಯಲ್ಲಿ ಕೆಲವು ವಿಶೇಷ ಜೀವಕೋಶಗಳಿವೆ. ಅವುಗಳೊಳಗೆ ಬುಕ್ನೆರಾ ಎಂಬ ಬ್ಯಾಕ್ಟೀರಿಯಾ ಕುಳಿತು ಕೊರತೆಯ ಅಮೈನೋ ಆಮ್ಲಗಳನ್ನು ತಯಾರಿಸಿಕೊಡುತ್ತದೆ. ಕೀಟಗಳ ಒಡಲಿನ ಸೂಕ್ಷ್ಮಜೀವಿಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಿಟ್ಟ ಜರ್ಮನಿಯ ಪಾಲ್ ಬುಕ್ನರ್ ಅವರ ನೆನಪಿಗೆ 1991ರಲ್ಲಿ ಇಟ್ಟ ಹೆಸರದು. ತಾಯಿಹೇನು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವಾಗ, ಹುಟ್ಟುವ ಮುನ್ನವೇ ಮರಿಯ ಮೈಗೆ ಬುಕ್ನೆರಾ ಸೇರಿರುತ್ತದೆ.

ಕನಿಷ್ಠ 16 ಕೋಟಿ ವರ್ಷಗಳಷ್ಟು ಹಳೆಯ ನಂಟಿದು ಎಂಬುದು ವಿಜ್ಞಾನಿಗಳ ಅಂದಾಜು. ಇಷ್ಟು ಕಾಲ ಮಾವನ ಮನೆಯಲ್ಲೇ ಇದ್ದ ಅಳಿಯ ಏನಾಗಿದ್ದಾನೆ ನೋಡಿ. 2000ದಲ್ಲಿ ಜಪಾನಿನ ವಿಜ್ಞಾನಿಗಳು ಬಟಾಣಿ ಹೇನಿನ ಬುಕ್ನೆರಾದ ವಂಶಲಿಪಿಯನ್ನು ಪೂರ್ತಿ ಓದಿದಾಗ ಅದರಲ್ಲಿ ಇದ್ದದ್ದು ಸುಮಾರು 6.4 ಲಕ್ಷ ಅಕ್ಷರ. ಅದರ ದಾಯಾದಿಯಾದ, ನಮ್ಮ ಕರುಳಿನಲ್ಲಿರುವ ಈ-ಕೋಲೈನಲ್ಲಿ ಸುಮಾರು 46 ಲಕ್ಷವಿದೆ. ಹೇನಿಗೆ ಬೇಕಾದ ಅಮೈನೋ ಆಮ್ಲ ಮಾಡುವ ಜೀನುಗಳು ಉಳಿದಿವೆ, ಒಂಟಿಯಾಗಿ ಬದುಕಲು ಬೇಕಾದ ಎಷ್ಟೋ ಜೀನುಗಳು ಕಳೆದುಹೋಗಿವೆ. ಹೊರಗೆ ಬಂದರೆ ಬುಕ್ನೆರಾ ಉಳಿಯದು. ಪ್ರತಿಜೈವಿಕ ಔಷಧದಿಂದ ಅದನ್ನು ಕೊಂದರೆ ಹೇನು ಕುಬ್ಜವಾಗುತ್ತದೆ, ಸಂತಾನವೂ ನಿಲ್ಲುತ್ತದೆ. ಬೇಗೆ ಮಿತಿಮೀರಿದರೂ ಮೊದಲು ನಲುಗುವುದು ಒಳಗಿನ ಬುಕ್ನೆರಾ, ಅದರ ಹಿಂದೆಯೇ ಹೇನಿನ ವಂಶ.

ಇರುವೆಯೂ ಪಾಲುದಾರ

ಹೇನಿಗೆ ಮಿಕ್ಕ ಸಕ್ಕರೆ ಅಂಟುದ್ರವವಾಗಿ ಹಿಂಬದಿಯಿಂದ ಹೊರಬೀಳುತ್ತದೆ. ಅದನ್ನು ನೆಕ್ಕಲು ಇರುವೆಗಳ ಸಾಲು. ಮೀಸೆಯಿಂದ ಹೇನಿನ ಬೆನ್ನು ಸವರಿ, ಹಸು ಕರೆದಂತೆ ಹನಿ ಕರೆದುಕೊಳ್ಳುತ್ತವೆ. ಪ್ರತಿಯಾಗಿ, ಹೇನು ತಿನ್ನಲು ಬರುವ ಗುಲಗಂಜಿ ಹುಳುವನ್ನು ಓಡಿಸುತ್ತವೆ. ಹೇನು, ಬುಕ್ನೆರಾ, ಇರುವೆ ಮೂವರಿಗೂ ಇದು ಸೊಗಸಾದ ಸಹಜೀವನ. ಆದರೆ ಖರ್ಚೆಲ್ಲ ಅವರೆ ಗಿಡದ್ದು, ನಷ್ಟವೆಲ್ಲ ರೈತನದು!

ಈ ಲೆಕ್ಕ ತಿಳಿದರೆ ಹೊಲದಲ್ಲಿ ಉಪಯೋಗವುಂಟು. ಅವರೆಗೆ ಅತಿಯಾಗಿ ಯೂರಿಯಾ ಸುರಿದರೆ ಬೇರಿನ ಬಾಡಿಗೆದಾರನಿಗೆ ಕೆಲಸ ತಪ್ಪುತ್ತದೆ, ಮೇಲೆ ಎಳೆಚಿಗುರು ರಸ ತುಂಬಿ ಹೇನಿಗೆ ಹಬ್ಬವಾಗುತ್ತದೆ. ಹೇನು ಕಂಡೊಡನೆ ವಿಷ ಹೊಡೆದರೆ ಗುಲಗಂಜಿ ಹುಳುವೂ ಸಾಯುತ್ತದೆ. ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಬಿತ್ತುತ್ತಿದ್ದ ನಮ್ಮ ಹಿರಿಯರಿಗೆ ರೈಜೋಬಿಯಂನ ಹೆಸರು ತಿಳಿದಿರಲಿಲ್ಲ. ಆದರೆ ಅವರೆಯ ಬೇರು, ಉದುರೆಲೆ ಕೊಳೆತ ಮಣ್ಣು ಮುಂದಿನ ಬೆಳೆಗೆ ಒಳ್ಳೆಯದೆಂದು ತಿಳಿದಿತ್ತು.

ವಿದ್ಯಾರ್ಥಿಗಳೇ, ಈ ಸಲ ನೀವೇ ಪರೀಕ್ಷಿಸಿ. ಅವರೆಯೋ ಅಲಸಂದೆಯೋ ಬೆಳೆದ ಹೊಲದ ಮಣ್ಣನ್ನು ಎರಡು ಕುಂಡಗಳಿಗೆ ತುಂಬಿ, ನಾಲ್ಕು ನಾಲ್ಕು ಕಾಳು ಬಿತ್ತಿ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ವಾರಕ್ಕೊಮ್ಮೆ ನೀರಿನಲ್ಲಿ ಕರಗಿಸಿದ ಚಿಟಿಕೆ ಯೂರಿಯಾ. ನಲವತ್ತು ದಿನ ಕಳೆದ ಮೇಲೆ ಕಿತ್ತು, ತೊಳೆದು, ಗಂಟುಗಳನ್ನು ಎಣಿಸಿ, ಒಂದೆರಡನ್ನು ಕತ್ತರಿಸಿ ಬಣ್ಣ ನೋಡಿ. ತಂದೆತಾಯಿಯರಲ್ಲಿ ಒಂದು ಬಿನ್ನಹ: ಬ್ಲೇಡನ್ನು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ, ಅಂಗಳ ಮಣ್ಣಾಯಿತೆಂದು ಮಾತ್ರ ಗದರಬೇಡಿ.