ಅಮೆರಿಕದ ಕಾರು, ಪೀಣ್ಯದ ಬಿಡಿಭಾಗ: ಹೋದವರು ಬಿಟ್ಟುಹೋದ ಪಾಠ

ಅಮೆರಿಕದ ವಾಹನಗಳ ಪೈಕಿ ಕನ್ನಡಿಗರ ಆಡುಮಾತಿಗೆ ಸಂಪೂರ್ಣವಾಗಿ ಸೇರಿಹೋದ ಹೆಸರು ಜೀಪು. ಮೂಡಿಗೆರೆ, ಮಡಿಕೇರಿ, ಸಕಲೇಶಪುರಗಳ ಕಾಫಿ ತೋಟಗಳಲ್ಲಿ ಅದು ಒಂದು ಕಂಪನಿಯ ಹೆಸರಾಗಿ ಉಳಿದಿಲ್ಲ. ಏರು ಹತ್ತಬಲ್ಲ, ಗೊಬ್ಬರದ ಮೂಟೆಯನ್ನೂ ಆಳುಗಳನ್ನೂ ಒಟ್ಟಿಗೆ ಹೊರಬಲ್ಲ ಗಾಡಿಯ ಹೆಸರಾಗಿದೆ. ವಿಲೀಸ್ ಜೀಪನ್ನು ಮಹೀಂದ್ರ ಸಂಸ್ಥೆಯು 1947ರಿಂದ ಭಾರತದಲ್ಲಿ ಜೋಡಿಸತೊಡಗಿತು. ಕ್ರಮೇಣ ಇಲ್ಲಿಯೇ ತಯಾರಿಸಿತು. ಊರಿನ ಸಾಮಾನ್ಯ ಮೆಕ್ಯಾನಿಕ್ ಅದನ್ನು ಬಿಚ್ಚಿ ಜೋಡಿಸಬಲ್ಲವನಾದ. ಬೇಕಾದ ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ದೊರೆಯಿತು. ಆದ್ದರಿಂದ ಅದು ಉಳಿಯಿತು.

ಬಾಲ್ಯದಿಂದಲೂ ಅಮೆರಿಕದ ಕಾರುಗಳನ್ನು ಮೆಚ್ಚಿಕೊಂಡು ಬಂದವನು ನಾನು. ಡಾಡ್ಜ್, ಪ್ಲಿಮತ್, ಷೆವ್ರೊಲೆ ಇಂಪಾಲಾಗಳ ಉದ್ದನೆಯ ಮೈ, ತಗ್ಗಿದ ದನಿಯ ದೊಡ್ಡ ಎಂಜಿನ್ ಇಂದಿಗೂ ನನ್ನನ್ನು ರಸ್ತೆಬದಿಯಲ್ಲಿ ನಿಲ್ಲಿಸಿಬಿಡುತ್ತವೆ. ಆದರೆ ಮೆಚ್ಚುಗೆ ಬೇರೆ, ವ್ಯಾಪಾರ ಬೇರೆ. ಪೀಣ್ಯದಲ್ಲಿ ಶೀಟ್ ಮೆಟಲ್ ಬಿಡಿಭಾಗಗಳ ಸಣ್ಣ ಘಟಕವೊಂದನ್ನು ನಡೆಸುವವನಾಗಿ ನಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಅಮೆರಿಕದ ಕಾರು ಕಂಪನಿಗಳು ಎರಡು ಬಾರಿ ಭಾರತಕ್ಕೆ ಬಂದು ಎರಡು ಬಾರಿಯೂ ಮಾರುಕಟ್ಟೆಯನ್ನು ಬಿಟ್ಟು ಹೋದದ್ದು ಏಕೆ? ಅವರು ಹೋದಾಗ ನಷ್ಟ ಅನುಭವಿಸಿದವರು ಯಾರು? ಹೋದ ಮೇಲೂ ನಮ್ಮಲ್ಲಿ ಉಳಿದದ್ದು ಏನು?

ಬೆಂಗಳೂರಿಗೆ ಬಾರದೆ ಹೋದ ಕಾರ್ಖಾನೆ

ಈ ಕಥೆಯ ಆರಂಭದಲ್ಲಿಯೇ ನಮ್ಮ ನಗರದ ಹೆಸರಿದೆ ಎಂಬುದು ಅನೇಕರಿಗೆ ತಿಳಿಯದು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯಭಾಗದಲ್ಲಿ ಯೂರೋಪ್ ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲಿಯೇ ಕಾರು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು, ಅಮೆರಿಕದ ಕ್ರೈಸ್ಲರ್ ಸಂಸ್ಥೆಯ ನೆರವಿನೊಂದಿಗೆ ಕಾರ್ಖಾನೆ ಸ್ಥಾಪಿಸಲು ಯತ್ನಿಸಿದರು. ಬೆಂಗಳೂರಿನಲ್ಲಿ ಅದನ್ನು ಸ್ಥಾಪಿಸಲು ಮೈಸೂರು ಸರ್ಕಾರ ಆಸಕ್ತಿ ತೋರಿತ್ತು. ಆದರೆ ಯುದ್ಧಕಾಲದ ಬ್ರಿಟಿಷ್ ಭಾರತ ಸರ್ಕಾರ ಸಹಕರಿಸಲಿಲ್ಲ. ಕಾರಿನ ಬದಲು ಬೆಂಗಳೂರಿಗೆ ಬಂದದ್ದು ವಿಮಾನ: 1940ರ ಡಿಸೆಂಬರಿನಲ್ಲಿ ವಾಲಚಂದರು ಮೈಸೂರು ಸರ್ಕಾರದೊಂದಿಗೆ ಸೇರಿ, ಅಮೆರಿಕದ ವಿಲಿಯಂ ಪಾಲಿ ಅವರ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಕಾರಿನ ಯೋಜನೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಗೆ ಸೇರಿತು.

ಅಷ್ಟರಲ್ಲಿ ಅಮೆರಿಕದ ದೊಡ್ಡ ಕಂಪನಿಗಳೆರಡು ಭಾರತದಲ್ಲಿ ನೆಲೆಯೂರಿದ್ದವು. ಫೋರ್ಡ್ 1926ರಲ್ಲಿಯೂ ಜನರಲ್ ಮೋಟಾರ್ಸ್ 1928ರಲ್ಲಿಯೂ ಬಂದು, ಹೊರದೇಶದಿಂದ ತಂದ ಭಾಗಗಳನ್ನು ಇಲ್ಲಿ ಜೋಡಿಸಿ ಮಾರುತ್ತಿದ್ದವು. ಕೇವಲ ಜೋಡಣೆ ಸಾಲದು, ಹಂತಹಂತವಾಗಿ ಇಲ್ಲಿಯೇ ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಅವಕಾಶ ಎಂಬ ನೀತಿಯನ್ನು ಕೇಂದ್ರ ಸರ್ಕಾರ 1953ರಲ್ಲಿ ಅಂಗೀಕರಿಸಿತು. ಅಷ್ಟು ಸಣ್ಣ ಮಾರುಕಟ್ಟೆಗಾಗಿ ಬಂಡವಾಳ ಹೂಡಲು ಒಪ್ಪದೆ ಎರಡೂ ಕಂಪನಿಗಳು ಹೊರಟವು. ಪರವಾನಗಿಯ ಮೇಲೆ ಇಲ್ಲಿ ತಯಾರಾದ ಜೀಪು ಉಳಿಯಿತು. ಜೋಡಣೆಯ ಕಾರು ಉಳಿಯಲಿಲ್ಲ. ಮೊದಲ ಪಾಠ ಇದು.

ಎರಡನೆಯ ಆಗಮನ, ಎರಡನೆಯ ನಿರ್ಗಮನ

ಉದಾರೀಕರಣದ ಅನಂತರ ಇಬ್ಬರೂ ಮರಳಿ ಬಂದರು. ಜನರಲ್ ಮೋಟಾರ್ಸ್ ಗುಜರಾತಿನ ಹಾಲೋಲ್‌ನಲ್ಲಿ, ಆಮೇಲೆ 2008ರಲ್ಲಿ ಮಹಾರಾಷ್ಟ್ರದ ತಳೆಗಾಂವ್‌ನಲ್ಲಿ ಕಾರ್ಖಾನೆ ತೆರೆಯಿತು. ಫೋರ್ಡ್ ಮೊದಲು ಮಹೀಂದ್ರದ ಜೊತೆಗೂಡಿ ಚೆನ್ನೈ ಸಮೀಪದ ಮರೈಮಲೈ ನಗರದಲ್ಲಿಯೂ 2015ರಲ್ಲಿ ಗುಜರಾತಿನ ಸಾನಂದ್‌ನಲ್ಲಿಯೂ ಉತ್ಪಾದನೆ ಆರಂಭಿಸಿತು. ಆದರೆ ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ತಳೆಗಾಂವ್‌ನಲ್ಲಿ ರಫ್ತಿಗಾಗಿ ನಡೆಯುತ್ತಿದ್ದ ಉತ್ಪಾದನೆಯೂ 2020ರಲ್ಲಿ ನಿಂತಿತು. ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ನಷ್ಟವಾಗಿದೆ ಎಂದು ಹೇಳಿ ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ನಿರ್ಗಮನ ಘೋಷಿಸಿತು.

"ಅಮೆರಿಕದ ಕಾರು ಎಣ್ಣೆ ಕುಡಿಯುತ್ತದೆ, ಅದಕ್ಕೇ ಸೋತಿತು" ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಸರಿಯಲ್ಲ. ನಮ್ಮ ರಸ್ತೆಗಳಲ್ಲಿ ಓಡಿದ ಷೆವ್ರೊಲೆ ಸ್ಪಾರ್ಕ್, ಬೀಟ್, ಆಪ್ಟ್ರಾಗಳು ಬಹುಮಟ್ಟಿಗೆ ಕೊರಿಯದ ಡೇವೂ ಶಾಖೆಯ ಕೈಕೆಲಸ. ಟವೇರಾದ ಮೂಲ ಜಪಾನಿನ ಇಸುಜು. ಫೋರ್ಡ್ ಐಕಾನ್ ಯೂರೋಪಿನ ಫಿಯೆಸ್ಟಾದ ಸಂತಾನ. ಅಮೆರಿಕದ ನಿಜವಾದ ದೊಡ್ಡ ಕಾರು ಇಲ್ಲಿಗೆ ಬರಲೇ ಇಲ್ಲ ಎನ್ನಬಹುದು. ಕಾರಣಗಳು ಬೇರೆ ಇವೆ.

ಮೊದಲನೆಯದು ಅವರ ಮನೆಯ ಲೆಕ್ಕ. ಅಮೆರಿಕದ ಕೋಳಿಮಾಂಸದ ಮೇಲೆ ಯೂರೋಪಿನ ದೇಶಗಳು ಸುಂಕ ಹಾಕಿದ್ದಕ್ಕೆ ಪ್ರತಿಯಾಗಿ ಅಮೆರಿಕವು 1964ರಲ್ಲಿ ಆಮದು ಲಘು ಟ್ರಕ್ಕುಗಳ ಮೇಲೆ ಶೇ. 25 ಸುಂಕ ವಿಧಿಸಿತು. ಕೋಳಿಯ ಜಗಳ ಮುಗಿದರೂ ಟ್ರಕ್ಕಿನ ಸುಂಕ ಉಳಿಯಿತು. ಈ ಬೇಲಿಯ ಒಳಗೆ ಪಿಕಪ್ ಟ್ರಕ್ಕುಗಳು ಡೆಟ್ರಾಯಿಟ್ ಕಂಪನಿಗಳ ಲಾಭದ ಮುಖ್ಯ ಮೂಲವಾದವು. ಜಪಾನೀಯರೊಡನೆ ಪೈಪೋಟಿ ಮಾಡಬೇಕಾದ ಸಣ್ಣ ಕಾರಿನಲ್ಲಿ ಲಾಭ ತೀರಾ ಕಡಿಮೆ. ಮಸ್ಟಾಂಗ್ ಹೊರತು ಸೆಡಾನ್ ಕಾರುಗಳನ್ನು ತನ್ನ ದೇಶದಲ್ಲಿಯೇ ಕೈಬಿಡುವುದಾಗಿ ಫೋರ್ಡ್ 2018ರಲ್ಲಿ ಪ್ರಕಟಿಸಿತು. ಜನರಲ್ ಮೋಟಾರ್ಸ್ 2017ರಲ್ಲಿ ಯೂರೋಪಿನ ಓಪೆಲ್ ಅನ್ನು ಮಾರಿತು. ಭಾರತದಿಂದ ನಿರ್ಗಮನ ಈ ಹಿನ್ನಡೆಯ ಒಂದು ಭಾಗ.

ಎರಡನೆಯದು ನಮ್ಮ ತೆರಿಗೆಯ ಅಳತೆಗೋಲು. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲ್ ಆದರೆ 1200, ಡೀಸೆಲ್ ಆದರೆ 1500 ಸಿಸಿ ಮೀರದ ಕಾರಿಗೆ 2006ರ ಮುಂಗಡಪತ್ರದಲ್ಲಿ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಲಾಯಿತು. ಇಡೀ ಮಾರುಕಟ್ಟೆ ಆ ಅಳತೆಯೊಳಗೆ ಕುಳಿತುಕೊಂಡಿತು. ಜಗತ್ತಿನ ಬೇರೆಡೆ ಮಾರುವ ಕಾರನ್ನು ಹಾಗೆಯೇ ತಂದು ಇಲ್ಲಿ ಮಾರುವುದು ಅಸಾಧ್ಯವಾಯಿತು. ಫೋರ್ಡ್ ಈ ಅಳತೆಯನ್ನು ಅರಿತು 2010ರಲ್ಲಿ ಫಿಗೋ, 2013ರಲ್ಲಿ ಎಕೋಸ್ಪೋರ್ಟ್ ತಂದಾಗ ಗೆದ್ದಿತು. ಆದರೆ ಆಮೇಲೆ ಹೊಸ ಮಾದರಿಗಳು ಸಕಾಲದಲ್ಲಿ ಬರಲಿಲ್ಲ. ಮಾರುತಿ, ಹ್ಯುಂಡೈಗಳು ಬಿಡುವಿಲ್ಲದೆ ಹೊಸದನ್ನು ತರುತ್ತಿದ್ದ ಕಾಲದಲ್ಲಿ ಈ ವಿಳಂಬ ದುಬಾರಿಯಾಯಿತು.

ಅಚ್ಚು ಶೆಡ್ಡಿನಲ್ಲಿ ಉಳಿಯಿತು

ಕಾರು ಕಂಪನಿ ಹೊರಟಾಗ ಪತ್ರಿಕೆಗಳಲ್ಲಿ ಕಾರ್ಖಾನೆಯ ಕಾರ್ಮಿಕರ, ಡೀಲರುಗಳ ಸುದ್ದಿ ಬಂತು, ಬರಬೇಕಾದದ್ದೇ. ಆದರೆ ಮೂರನೆಯ ಸ್ತರದ ಬಿಡಿಭಾಗ ತಯಾರಕನ ನಷ್ಟ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ನನ್ನ ಅನುಭವವನ್ನೇ ಉದಾಹರಣೆಯಾಗಿ ಹೇಳುತ್ತೇನೆ. ಖರೀದಿದಾರರ ಹೆಸರು ಇಲ್ಲಿ ಅನಗತ್ಯ.

ವೈರಿಂಗ್ ಹಿಡಿದಿಡುವ ಸಣ್ಣ ಕ್ಲಾಂಪೊಂದಕ್ಕೆ ನಮ್ಮ ಘಟಕ ಆರು ಲಕ್ಷ ರೂಪಾಯಿ ವೆಚ್ಚದಲ್ಲಿ ಪ್ರೆಸ್ ಟೂಲ್ ಮಾಡಿಸಿತು. ಮೂರು ಲಕ್ಷ ನಗ ಬೇಕಾಗುವುದೆಂದು ಖರೀದಿದಾರರು ಅಂದಾಜು ಕೊಟ್ಟಿದ್ದರು. ಆದ್ದರಿಂದ ಅಚ್ಚಿನ ವೆಚ್ಚವನ್ನು ಪ್ರತಿ ನಗದ ಬೆಲೆಯಲ್ಲಿ ಎರಡು ರೂಪಾಯಿಯಂತೆ ಸೇರಿಸಿ ವಸೂಲು ಮಾಡುವುದೆಂದು ಒಪ್ಪಿಗೆಯಾಯಿತು. 90 ಸಾವಿರ ನಗ ಪೂರೈಸುವ ಹೊತ್ತಿಗೆ ಆ ಮಾದರಿಯ ಉತ್ಪಾದನೆಯೇ ನಿಂತಿತು. ಬಂದದ್ದು 1.80 ಲಕ್ಷ, ಉಳಿದ 4.20 ಲಕ್ಷ ನಮ್ಮ ತಲೆಯ ಮೇಲೆ. ಏಕೆಂದರೆ "ಅಂದಾಜು" ಎಂಬುದು ಆದೇಶವಲ್ಲ ಎಂದು ಕಾಗದದ ಕೊನೆಯ ಸಾಲಿನಲ್ಲಿ ಬರೆದಿತ್ತು. ನಾವು ಅದನ್ನು ಓದಿಯೂ ಲಕ್ಷ್ಯ ಕೊಟ್ಟಿರಲಿಲ್ಲ. ಇಷ್ಟಕ್ಕೆ ಮುಗಿಯಲಿಲ್ಲ. ರಿಪೇರಿಗೆ ಬೇಕಾಗುವ ಬಿಡಿಭಾಗ ಪೂರೈಸಲು ಅಚ್ಚನ್ನು ವರ್ಷಗಟ್ಟಲೆ ಕಾದಿರಿಸಬೇಕು ಎಂಬ ಷರತ್ತು ಇತ್ತು. ಪೀಣ್ಯದಲ್ಲಿ ಒಂದೊಂದು ಚದರಡಿಗೂ ಬಾಡಿಗೆ ಕಟ್ಟುವವರಿಗೆ, ಕೆಲಸವಿಲ್ಲದ ಅಚ್ಚು ಬಾಡಿಗೆ ಕೊಡದ ಬಾಡಿಗೆದಾರನಿದ್ದಂತೆ.

ಉಳಿದ ಆಸ್ತಿ: ಕಾಗದದ ಶಿಸ್ತು

ಆದರೂ ಅಮೆರಿಕದವರನ್ನು ದೂರುವುದಷ್ಟೇ ನನ್ನ ಉದ್ದೇಶವಲ್ಲ. ಕ್ರೈಸ್ಲರ್, ಫೋರ್ಡ್, ಜನರಲ್ ಮೋಟಾರ್ಸ್ ಮೂವರೂ ಸೇರಿ 1994ರಲ್ಲಿ ಕ್ಯೂಎಸ್-9000 ಎಂಬ ಗುಣಮಟ್ಟದ ನಿಯಮಾವಳಿಯನ್ನು ಹೊರತಂದರು. ಅದರೊಂದಿಗೆ ಬಂದದ್ದು ಪಿಪಿಎಪಿ, ಅಂದರೆ ಬಿಡಿಭಾಗವನ್ನು ಪೂರ್ಣ ಉತ್ಪಾದನೆಗೆ ಮೊದಲು ಅನುಮೋದಿಸುವ ಕ್ರಮ. ಎಲ್ಲಿ ದೋಷ ಬರಬಹುದೆಂದು ಮೊದಲೇ ಊಹಿಸಿ ಪಟ್ಟಿ ಮಾಡುವುದು, ಅಳೆಯುವ ಸಾಧನವನ್ನೇ ಮೊದಲು ಪರೀಕ್ಷಿಸುವುದು, ಯಂತ್ರ ನಿಗದಿತ ಮಿತಿಯೊಳಗೆ ಸತತವಾಗಿ ಕೆಲಸ ಮಾಡಬಲ್ಲದೇ ಎಂಬುದನ್ನು ಅಂಕಿಅಂಶಗಳಿಂದ ತೋರಿಸುವುದು, ಕಚ್ಚಾವಸ್ತುವಿನ ಪ್ರಮಾಣಪತ್ರ ಇಡುವುದು ಇವೆಲ್ಲ ಅದರ ಅಂಗಗಳು. ಆ ನಿಯಮಾವಳಿಯೇ ಮುಂದೆ ಟಿಎಸ್ 16949 ಆಗಿ, 2016ರಲ್ಲಿ ಐಎಟಿಎಫ್ 16949 ಆಗಿ ಜಗತ್ತಿನ ಮೋಟಾರು ಉದ್ಯಮದ ಸಾಮಾನ್ಯ ಮಾನದಂಡವಾಯಿತು.

ಇದಕ್ಕೆ ಮೊದಲು ನಮ್ಮ ಅನೇಕ ಘಟಕಗಳಲ್ಲಿ ಗುಣಮಟ್ಟವೆಂದರೆ ಹಿರಿಯ ಫಿಟ್ಟರನ ಕಣ್ಣು. ಅವನು ರಜೆ ಹಾಕಿದ ದಿನ ಗುಣಮಟ್ಟವೂ ರಜೆ. ಕಾಗದದ ಕೆಲಸವನ್ನು ಮೊದಲು ನಾವೆಲ್ಲ ಗೊಣಗಿಕೊಂಡೇ ಮಾಡಿದೆವು. ಆದರೆ ಅದೇ ಶಿಸ್ತಿನ ಬಲದಿಂದ ಜಪಾನಿನ, ಜರ್ಮನಿಯ ಖರೀದಿದಾರರ ಮುಂದೆ ನಿಲ್ಲಲು, ವಿಮಾನದ ಬಿಡಿಭಾಗಗಳತ್ತ ತಿರುಗಲು ಇಲ್ಲಿನ ಘಟಕಗಳಿಗೆ ಅನುಕೂಲವಾಯಿತು.

ವೈಟ್‌ಫೀಲ್ಡಿನ ನಕ್ಷೆ, ಬೊಮ್ಮಸಂದ್ರದ ಬ್ಯಾಟರಿ

ಎರಡನೆಯ ಆಸ್ತಿ ವೈಟ್‌ಫೀಲ್ಡಿನಲ್ಲಿದೆ. ಜನರಲ್ ಮೋಟಾರ್ಸ್ 2003ರಲ್ಲಿ ಬೆಂಗಳೂರಿನಲ್ಲಿ ತಾಂತ್ರಿಕ ಕೇಂದ್ರ ತೆರೆಯಿತು. 2017ರಲ್ಲಿ ಮಾರಾಟ ನಿಲ್ಲಿಸಿದಾಗಲೂ ಈ ಕೇಂದ್ರವನ್ನು ಮುಚ್ಚಲಿಲ್ಲ. ಇಲ್ಲಿ ಕಾರು ಮಾರುವುದು ಲಾಭವಲ್ಲ, ಆದರೆ ಇಲ್ಲಿನ ಎಂಜಿನಿಯರುಗಳಿಂದ ಕಾರಿನ ಕೆಲಸ ಮಾಡಿಸುವುದು ಲಾಭ ಎಂಬುದು ಅದರ ಲೆಕ್ಕ. 1940ರಲ್ಲಿ ನಮ್ಮ ನಗರ ಕಾರಿನ ಕಾರ್ಖಾನೆಯನ್ನು ಕಳೆದುಕೊಂಡಿತು; ಕಾರಿನ ನಕ್ಷೆಯನ್ನು ಮಾತ್ರ ಅರವತ್ತು ವರ್ಷಗಳ ಮೇಲೆ ಪಡೆಯಿತು.

ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ಬೊಮ್ಮಸಂದ್ರದಲ್ಲಿ ಇನ್ನೊಂದು ಉದಾಹರಣೆ ಇದೆ. ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಸಂಸ್ಥೆ ಸೇರಿ 1994ರಲ್ಲಿ ಆರಂಭಿಸಿದ ಉದ್ಯಮದಿಂದ 2001ರಲ್ಲಿ ರೇವಾ ವಿದ್ಯುತ್ ಕಾರು ಹೊರಬಂತು. ಅದರ ರೂವಾರಿ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದವರು. ಸೀಸ–ಆಮ್ಲದ ಬ್ಯಾಟರಿಯ ಆ ಪುಟ್ಟ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿಯೂ ಓಡಿತು. 2009ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯೇ ರೇವಾದ ತಂತ್ರಜ್ಞಾನದಿಂದ ವಿದ್ಯುತ್ ಸ್ಪಾರ್ಕ್ ತಯಾರಿಸಲು ಒಪ್ಪಂದ ಮಾಡಿಕೊಂಡಿತು. 2010ರಲ್ಲಿ ಮಹೀಂದ್ರ ರೇವಾವನ್ನು ತನ್ನದಾಗಿಸಿಕೊಂಡಾಗ ಆ ಒಪ್ಪಂದ ಕೊನೆಗೊಂಡಿತು. ಡೆಟ್ರಾಯಿಟ್ ಕಂಪನಿಯೊಂದು ಬೊಮ್ಮಸಂದ್ರದ ಜ್ಞಾನವನ್ನು ಕೇಳಿ ಬಂದಿತ್ತು ಎಂಬುದನ್ನು ನಾವು ಮರೆಯಬಾರದು.

ವಿದ್ಯುತ್ ವಾಹನದಲ್ಲಿ ಪಿಸ್ಟನ್, ವಾಲ್ವ್, ಕ್ಲಚ್, ಸೈಲೆನ್ಸರುಗಳಿಲ್ಲ. ಇವನ್ನೇ ನಂಬಿದ ಘಟಕಗಳಿಗೆ ಇದು ಎಚ್ಚರಿಕೆಯ ಗಂಟೆ. ಬ್ಯಾಟರಿ ಪೆಟ್ಟಿಗೆ, ತಾಮ್ರದ ಬಸ್‌ಬಾರ್, ಮೋಟಾರಿನ ಕವಚಗಳಿಗೆ ಮಾತ್ರ ಪ್ರೆಸ್ ಮತ್ತು ಮಷೀನಿಂಗ್ ಕೆಲಸ ಬೇಕೇ ಬೇಕು.

ಸದಸ್ಯರ ಗಮನಕ್ಕೆ

ಅಮೆರಿಕದ ಮಾರುಕಟ್ಟೆ ನಮಗೆ ಇಂದಿಗೂ ಮುಖ್ಯ. ಆದರೆ ಅದರ ಬಾಗಿಲು ನಮ್ಮ ಕೈಯಲ್ಲಿಲ್ಲ. 2025ರ ಮೇ 3ರಿಂದ ಆಮದು ಮೋಟಾರು ಬಿಡಿಭಾಗಗಳ ಮೇಲೆ ಅಮೆರಿಕ ಶೇ. 25 ಸುಂಕ ವಿಧಿಸಿದಾಗ ಇದು ಮತ್ತೊಮ್ಮೆ ಮನವರಿಕೆಯಾಯಿತು. ಮೇಲಿನ ಅನುಭವಗಳಿಂದ ಕೆಲವು ಸಲಹೆಗಳನ್ನು ಸದಸ್ಯರ ಮುಂದಿಡುತ್ತೇನೆ.

ಒಂದು: ಅಚ್ಚಿನ ವೆಚ್ಚವನ್ನು ಸಾಧ್ಯವಾದಷ್ಟು ಮುಂಗಡವಾಗಿ ಪಡೆಯಬೇಕು. ನಗದ ಬೆಲೆಯಲ್ಲಿ ಸೇರಿಸುವುದಾದರೆ, ಮಾದರಿ ನಿಂತಾಗ ಉಳಿಕೆ ಮೊತ್ತವನ್ನು ಖರೀದಿದಾರರೇ ತುಂಬಬೇಕೆಂಬ ಷರತ್ತು ಲಿಖಿತದಲ್ಲಿರಬೇಕು. ಅಚ್ಚನ್ನು ಕಾದಿರಿಸುವ ಅವಧಿ ಮತ್ತು ಬಾಡಿಗೆಯೂ ಅದರಲ್ಲಿ ನಮೂದಾಗಬೇಕು.

ಎರಡು: ಒಬ್ಬನೇ ಖರೀದಿದಾರನ ಪಾಲು ವಹಿವಾಟಿನ ಮೂರನೆಯ ಒಂದು ಭಾಗವನ್ನು ಮೀರದಂತೆ ನೋಡಿಕೊಳ್ಳಬೇಕು.

ಮೂರು: 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಬರಬೇಕಾದ ಹಣ, ಲಿಖಿತ ಒಪ್ಪಂದವಿದ್ದರೂ, 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ಉದ್ಯಮ್ ನೋಂದಣಿ ಇಲ್ಲದವರು ಕೂಡಲೇ ಮಾಡಿಸಿಕೊಳ್ಳುವುದು ಒಳಿತು.

ನಾಲ್ಕನೆಯದು ನಮ್ಮ ಸಂಸ್ಥೆಗೇ ಮಾಡುವ ಮನವಿ. ಪೀಣ್ಯಕ್ಕೆ ಮೆಟ್ರೋ ರೈಲು 2014ರಲ್ಲಿ ಬಂತು, ವೈಟ್‌ಫೀಲ್ಡಿನವರೆಗಿನ ಮಾರ್ಗ 2023ರಲ್ಲಿ ಪೂರ್ಣವಾಯಿತು, ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ರೈಲು ಓಡಿತು. ಪೀಣ್ಯದಲ್ಲಿ ಹತ್ತಿದವನು ಮೆಜೆಸ್ಟಿಕ್ಕಿನಲ್ಲಿ ಒಮ್ಮೆ ಬದಲಾಯಿಸಿದರೆ ವೈಟ್‌ಫೀಲ್ಡ್, ಆರ್.ವಿ. ರಸ್ತೆಯಲ್ಲಿ ಬದಲಾಯಿಸಿದರೆ ಬೊಮ್ಮಸಂದ್ರ ತಲಪಬಹುದು. ಆದರೆ ವೈಟ್‌ಫೀಲ್ಡಿನ ಗಣಕಯಂತ್ರದಲ್ಲಿ ರೂಪುಗೊಂಡ ಕ್ಲಾಂಪಿನ ನಕ್ಷೆ ಇಂದಿಗೂ ಬೇರೆ ಬೇರೆ ದೇಶಗಳ ಖರೀದಿ ವಿಭಾಗಗಳನ್ನು ಸುತ್ತಿ, ಮೂರು ಕೈ ದಾಟಿ ಪೀಣ್ಯಕ್ಕೆ ಬರುತ್ತದೆ. ನಕ್ಷೆ ಬರೆಯುವ ಎಂಜಿನಿಯರನ್ನೂ ಅಚ್ಚು ಕೊರೆಯುವ ಟೂಲ್‌ರೂಮಿನವನನ್ನೂ ವರ್ಷಕ್ಕೆ ಎರಡು ಬಾರಿಯಾದರೂ ಒಂದೇ ಮೇಜಿನ ಸುತ್ತ ಕೂರಿಸುವ ಕೆಲಸವನ್ನು ನಮ್ಮ ಸಂಸ್ಥೆ ಕೈಗೊಳ್ಳಬೇಕು. ಮಾದರಿ ತುಣುಕುಗಳ ಸಣ್ಣ ಆದೇಶಗಳಿಂದ ಅದು ಆರಂಭವಾದರೂ ಸಾಕು.

ನನ್ನ ಶೆಡ್ಡಿನಲ್ಲಿ ಆ ಅಚ್ಚು ಇನ್ನೂ ಇದೆ. ಎಣ್ಣೆ ಹಚ್ಚಿ ಇಟ್ಟಿದ್ದೇನೆ. ಹೊಸ ಆದೇಶದ ಕಾಗದ ಬಂದಾಗಲೆಲ್ಲ ಒಮ್ಮೆ ಅದರತ್ತ ನೋಡಿ, ಕೊನೆಯ ಸಾಲನ್ನು ಎರಡು ಬಾರಿ ಓದಿ, ಅನಂತರವೇ ಸಹಿ ಹಾಕುತ್ತೇನೆ.