ಬಡಖಲ್ ಏರಿಯ ಮೇಲೆ ಒಂದು ಭಾನುವಾರ



ರಜೆ ಬಂತೆಂದರೆ ನೈನಿತಾಲ್, ಮಸ್ಸೂರಿ ಎನ್ನುತ್ತೀರಿ. ನಾನು ಹೇಳಹೊರಟ ಜಾಗಕ್ಕೆ ಮೆಟ್ರೋ ಟಿಕೆಟ್ಟೇ ಸಾಕು. 2015ರಿಂದ ಫರೀದಾಬಾದಿಗೆ ಮೆಟ್ರೋ ಓಡುತ್ತಿದೆ. ಬಡಖಲ್ ಮೋಡ್‌ನಲ್ಲಿ ಇಳಿದು ಆಟೋ ಹಿಡಿಯಿರಿ.

ಬಡಖಲ್ ಎಂದೊಡನೆ ನಿಮ್ಮ ತಂದೆ-ತಾಯಂದಿರ ಮುಖ ಅರಳುತ್ತದೆ, ಬೇಕಾದರೆ ಕೇಳಿ ನೋಡಿ. ತೊಂಬತ್ತರ ದಶಕದಲ್ಲಿ, ನಾನು ಮದುವೆಯಾಗಿ ದೆಹಲಿಗೆ ಬಂದ ಹೊಸತರಲ್ಲಿ, ನಾಲ್ಕೈದು ಕನ್ನಡ ಮನೆಯವರು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ದಡದಲ್ಲಿ ಹರಿಯಾಣ ಪ್ರವಾಸೋದ್ಯಮದ ವಸತಿಗೃಹ, ಎದುರಿಗೆ ಕಣ್ಣು ತುಂಬುವಷ್ಟು ನೀರು, ದೋಣಿವಿಹಾರ. ಊರು ಬಿಟ್ಟು ಬಂದ ಬೇಸರ ಅರ್ಧ ಅಲ್ಲೇ ಕರಗುತ್ತಿತ್ತು.

ಕೆಲವು ವರ್ಷಗಳ ನಂತರ ಮಗನನ್ನು ಕರೆದುಕೊಂಡು ಹೋದರೆ ಕೆರೆಯೇ ಇಲ್ಲ! ದೋಣಿ ತೇಲಿದ ಕಡೆ ಮೇಕೆಗಳು ಮೇಯುತ್ತಿದ್ದವು. "ಅಮ್ಮಾ, ಇಲ್ಲಿ ಬೋಟಾ?" ಎಂದು ಮಗ ನಕ್ಕ. ನನಗೆ ನಗು ಬರಲಿಲ್ಲ.

ನಾನು ಇಂಗ್ಲಿಷ್ ಬಿ.ಎ. ಓದಿದವಳು, ಇಂಜಿನಿಯರ್ ಅಲ್ಲ. ಆದರೂ ಏರಿಯ ಮೇಲೆ ನಿಂತರೆ ಸಂಗತಿ ತಾನಾಗಿ ತಿಳಿಯುತ್ತದೆ. 1947ರಲ್ಲಿ ನೀರಾವರಿಗೆಂದು ಕಟ್ಟಿದ ಏರಿ ಇದು. ಇದಕ್ಕೆ ನದಿಯ ಆಸರೆಯಿಲ್ಲ. ಸುತ್ತಲಿನ ಅರಾವಳಿ ಗುಡ್ಡಗಳ ಮೇಲೆ ಬಿದ್ದ ಮಳೆಯೇ ಹರಿದು ಬರಬೇಕು. ಗುಡ್ಡ ಅಗೆದು ಕಲ್ಲು ತೆಗೆದಲ್ಲೆಲ್ಲ ಆಳದ ಹೊಂಡಗಳಾದವು. ಕೆರೆಗೆ ಬರಬೇಕಾದ ನೀರು ಅಲ್ಲೇ ನಿಂತಿತು. ಜೊತೆಗೆ ಕೊಳವೆಬಾವಿಗಳಿಂದ ಅಂತರ್ಜಲವೂ ಇಳಿಯಿತು. 2002ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆ ಹಾಕುವಷ್ಟರಲ್ಲಿ ಕೆಲಸ ಕೆಟ್ಟಾಗಿತ್ತು. ಈಚೆಗೆ ಶುದ್ಧೀಕರಿಸಿದ ಕೊಳಚೆ ನೀರಿನಿಂದ ಕೆರೆ ತುಂಬಿಸುವ ಯೋಜನೆ ಕೈಗೊಂಡಿದ್ದಾರೆ. ಗುಡ್ಡದ ನೀರಿಗೆ ಅದು ಸಮವೇ ಎಂದು ನನ್ನಂಥವರು ಗೊಣಗುತ್ತೇವೆ, ಇರಲಿ.

ಅಲ್ಲಿಂದ ಸೂರಜ್‌ಕುಂಡಕ್ಕೆ ನಡೆಯಿರಿ ಎನ್ನುವುದಿಲ್ಲ, ಗಾಡಿಯಲ್ಲೇ ಹೋಗಿ. 1987ರಿಂದ ನಡೆಯುವ ಕರಕುಶಲ ಮೇಳ ನಿಮಗೆ ಗೊತ್ತು. 2013ರಲ್ಲಿ ನಮ್ಮ ಕರ್ನಾಟಕವೇ ಅದರ ಮುಖ್ಯ ರಾಜ್ಯವಾಗಿತ್ತು. ಮೇಳಕ್ಕೆ ಹೆಸರು ಕೊಟ್ಟ ಕುಂಡವನ್ನು ಮಾತ್ರ ಎಷ್ಟೋ ಜನ ನೋಡಿಲ್ಲ. ಹತ್ತನೆಯ ಶತಮಾನದಲ್ಲಿ ತೋಮರ ರಾಜ ಸೂರಜಪಾಲ ಕಟ್ಟಿಸಿದನೆನ್ನುವ ಈ ಕಲ್ಲಿನ ಮೆಟ್ಟಿಲುಗಳು ಉದಯಿಸುವ ಸೂರ್ಯನಂತೆ ಅರ್ಧವೃತ್ತಾಕಾರದಲ್ಲಿ ಇಳಿಯುತ್ತವೆ. ನಮ್ಮ ಕಲ್ಯಾಣಿಗಳ ದೊಡ್ಡಣ್ಣ ಎನ್ನಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಮೀಪದ ಅನಂಗಪುರದ ಅಣೆಕಟ್ಟು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಸ್ಥಳೀಯ ಬೆಣಚುಕಲ್ಲಿನಲ್ಲಿ ಕಟ್ಟಿದ್ದು, ಎತ್ತರ ಸುಮಾರು 7 ಮೀಟರ್. ಸುಮಾರು ಸಾವಿರ ವರ್ಷ ಹಳೆಯದು. ನೀರು ಬಿಡಲು ತೂಬು ಇದೆ, ಇಳಿಯಲು ಮೆಟ್ಟಿಲಿವೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಮಾರಿಕಣಿವೆಯಲ್ಲೂ 1907ರಲ್ಲಿ ಇದೇ ಉಪಾಯ ಮಾಡಿದರು: ಗುಡ್ಡಗಳ ಸಂದಿಯನ್ನಷ್ಟೇ ಮುಚ್ಚಿದರೆ ಉಳಿದ ಗೋಡೆಯನ್ನು ಪ್ರಕೃತಿಯೇ ಕಟ್ಟಿರುತ್ತದೆ.

ಏರಿ, ತೂಬು, ಕೋಡಿ – ಈ ಮೂರು ಪದಗಳ ಅರ್ಥವನ್ನು ಹೊರಡುವ ಮುಂಚೆ ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಳ್ಳಿ. ಚಳಿಗಾಲದಲ್ಲೇ ಹೋಗಿ, ನೀರಿನ ಬಾಟಲಿ ಮರೆಯಬೇಡಿ. ಅಣೆಕಟ್ಟಿಗೆ ಸರಿಯಾದ ಫಲಕ ಹುಡುಕುತ್ತ ಕೂರಬೇಡಿ. ಹಳ್ಳಿಯಲ್ಲಿ 'ಬಾಂಧ್ ಕಹಾಂ ಹೈ' ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ.